ಪಂಢರಿಯ ಗಂಟಲಿಗೆ ಪವರ್ ಬ್ಯಾಂಕ್

ಪಂಢರಿ ಎಷ್ಟು ಮದುವೆ ನಡೆಸಿಕೊಟ್ಟಿದ್ದಾನೆಂದು ಅವನಿಗೇ ನೆನಪಿಲ್ಲ. ಭಾಲ್ಕಿ ತಾಲೂಕಿನ ಬೌದ್ಧರ ಮನೆಗಳಲ್ಲಿ ಮದುವೆ ಎಂದರೆ ಭಾತಂಬ್ರಾದ ಈ ಬೌದ್ಧಾಚಾರ್ಯನೇ ಬಂದು ತ್ರಿಸರಣ, ಪಂಚಶೀಲದ ಪಾಲಿ ಸಾಲುಗಳನ್ನು ಹೇಳಿಕೊಡಬೇಕಿತ್ತು. ಅವನು ಒಂದು ಸಾಲು ಹೇಳಿ ಸುಮ್ಮನಾಗುತ್ತಿದ್ದ. ಮದುಮಕ್ಕಳೂ ಮಂಟಪದ ಜನರೂ ಅದನ್ನು ತಿರುಗಿ ಹೇಳುತ್ತಿದ್ದರು. ಆಮೇಲೆ ಮುಂದಿನ ಸಾಲು.

ಎರಡು ವರ್ಷದ ಹಿಂದೆ ಗಂಟಲಿನಲ್ಲಿ ಕ್ಯಾನ್ಸರ್ ಕಂಡು, ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವನು ಮಾತಾಡುವುದು ಟಾರ್ಚಿನಂಥ ಒಂದು ಯಂತ್ರದಿಂದ. ಕುತ್ತಿಗೆಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ಅದು ಗುಂಯ್ ಎನ್ನುತ್ತದೆ. ತುಟಿ, ನಾಲಿಗೆ ಆಡಿಸಿದರೆ ಆ ಗುಂಯ್ ಸದ್ದೇ ಮಾತಾಗುತ್ತದೆ. ಮದುವೆ ನಡೆಸುವುದನ್ನು ಅವನು ಬಿಟ್ಟೇಬಿಟ್ಟಿದ್ದ. ಯಾರದಾದರೂ ಮದುವೆಗೆ ಹೋದರೆ ಹಿಂದೆ ಕೂತು, ಉಂಡು, ಎದ್ದು ಬರುತ್ತಿದ್ದ.

ಕಿರಿಮಗಳು ಮಹಾಮಾಯಾ ಹಟ ಹಿಡಿದಳು. "ಅಪ್ಪ ಹೇಳಿಕೊಟ್ರ ಮದುವಿ. ಇಲ್ಲಾಂದ್ರ ನಂಗ ಮದುವೀನೇ ಬ್ಯಾಡ." ಔರಾದದ ವರ ಅಶ್ವಜಿತ ಪಾಪ, ತಾನೇ ಬಂದು ಕೈಮುಗಿದ. ಪಂಢರಿ ಮುಖ ಗಂಟಿಕ್ಕಿಕೊಂಡೇ ಒಪ್ಪಿದ. ಒಪ್ಪಿದ ವಾರದಲ್ಲೇ ಯಂತ್ರದ ಬ್ಯಾಟರಿ ಕೈಕೊಟ್ಟಿತು.

ಬೀದರದ ಅಂಗಡಿ ಅಂಗಡಿ ಸುತ್ತಿದವಳು ಹಿರಿಮಗಳು ಪ್ರಣಾಲಿ. ಬೀದರದ ಪಕ್ಕದ ಕೊಳಾರದ ಕಾರ್ಖಾನೆಯಲ್ಲಿ ಇನ್ವರ್ಟರ್ ಜೋಡಿಸುವ ಕೆಲಸ ಅವಳದು. ಆ ಬ್ಯಾಟರಿ ಈಗ ಬರುವುದೇ ಇಲ್ಲವಂತೆ. ಹೊಸ ಯಂತ್ರ ಹೈದರಾಬಾದಿನಿಂದ ಬರುವಷ್ಟರಲ್ಲಿ ಮದುಮಗಳು ಒಂದು ಸಲ ತವರಿಗೂ ಬಂದು ಹೋಗಿರುತ್ತಾಳೆ. "ನಾನೇ ಮಾಡ್ತೇನಿ ತಗೋ" ಎಂದು ಪ್ರಣಾಲಿ ಯಂತ್ರ ಬಿಚ್ಚಿಕೊಂಡು ಕೂತಳು. ಸತ್ತ ಬ್ಯಾಟರಿ ಕಿತ್ತು, ಆ ಜಾಗದಲ್ಲಿ ವೋಲ್ಟೇಜ್ ಇಳಿಸುವ ಪುಟ್ಟ ಬೋರ್ಡ್ ಕೂರಿಸಿ, ಅಲ್ಲಿಂದ ಒಂದು ವೈರು ಎಳೆದು ಪವರ್ ಬ್ಯಾಂಕಿಗೆ ಸಿಕ್ಕಿಸಿದಳು. ಪವರ್ ಬ್ಯಾಂಕು ಅಪ್ಪನ ಜುಬ್ಬಾದ ಜೇಬಿಗೆ, ವೈರು ತೋಳಿನೊಳಗಿಂದ ಕೈಗೆ.

"ಏನಾರ ಮಾತಾಡು ನೋಡಾಮು" ಎಂದಳು. ಎಷ್ಟೋ ದಿನದ ಮಾತು ಪಂಢರಿಯ ಹೊಟ್ಟೆಯಲ್ಲೇ ಉಳಿದಿತ್ತು. ಚಹಾಕ್ಕೆ ಸಕ್ಕರೆ ಕಮ್ಮಿ ಹಾಕಿದ ಹೆಂಡತಿ ಗಿರಿಜಾಬಾಯಿಯಿಂದ ಹಿಡಿದು ಶಾಮಿಯಾನಾದವನವರೆಗೆ ಎಲ್ಲರನ್ನೂ ಬಿಡುವಿಲ್ಲದೆ ಝಾಡಿಸಿದ. ಯಂತ್ರ ಎಲ್ಲೂ ತಡವರಿಸಲಿಲ್ಲ. ಪ್ರಣಾಲಿ ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಬೈಗುಳ ಬೈಸಿ ಪರೀಕ್ಷೆ ಮಾಡಿದ್ದೇ ತಪ್ಪೆಂದು ಅವಳಿಗೆ ಗೊತ್ತಾಗಿದ್ದು ಔರಾದದ ಮಂಟಪದಲ್ಲಿ.

ಬುದ್ಧ, ಬಾಬಾಸಾಹೇಬರ ಫೋಟೊಗಳಿಗೆ ಹೂವೇರಿಸಿ, ಮೇಣದ ಬತ್ತಿ ಹಚ್ಚಿದ್ದಾಯಿತು. ಪ್ರಣಾಲಿ ಪವರ್ ಬ್ಯಾಂಕು ಹಚ್ಚಿ ಅಪ್ಪನ ಜೇಬಿಗಿಟ್ಟಳು. ಪಂಢರಿ ಮೈಕಿನ ಮುಂದೆ ನಿಂತು ಮೊದಲ ಸಾಲು ಹೇಳಿದ. ಹಿಂದೆ ಯಾರೋ ಕಿಸಕ್ಕೆಂದರು. ಜನ ತಿರುಗಿ ಹೇಳಿದರು. ಫೋಟೊದವನು "ಒಂದ್ ಮಿನಿಟ್ರಿ" ಎಂದು ಮದುಮಕ್ಕಳ ಕೈ ಸರಿಮಾಡಿದ. ಪಂಢರಿ ಎರಡನೇ ಸಾಲಿಗೆ ಗುಂಡಿ ಒತ್ತಿದ. ಸದ್ದೇ ಇಲ್ಲ.

ಪ್ರಣಾಲಿ ಓಡಿ ಬಂದು ಪವರ್ ಬ್ಯಾಂಕಿನ ಗುಂಡಿ ಒತ್ತಿದಳು. ಗುಂಯ್ ಎಂದಿತು. ಎರಡನೇ ಸಾಲು ಆಯಿತು, ಜನ ಹೇಳುವಷ್ಟರಲ್ಲಿ ಮತ್ತೆ ಸತ್ತಿತು. ಪಂಢರಿಯ ಮುಖ ಸಣ್ಣದಾಯಿತು. ತನ್ನ ಬದಲು ಮೈಕು ಹಿಡಿದು ಹೇಳಿಕೊಡಲು ವರನ ಸೋದರಮಾವನಿಗೆ ಕೈಸನ್ನೆ ಮಾಡಿದ. ಮಹಾಮಾಯಾಳ ಕಣ್ಣಲ್ಲಿ ನೀರು.

ಪ್ರಣಾಲಿ ಜೇಬಿನಿಂದ ಪವರ್ ಬ್ಯಾಂಕು ತೆಗೆದು ನೋಡಿದಳು. ಚಾರ್ಜು ತುಂಬಿತ್ತು. ಆಗ ಅವಳಿಗೆ ಹೊಳೆಯಿತು. ಫೋನಿಗೆ ಚಾರ್ಜು ತುಂಬಿದ ಮೇಲೆ ಪವರ್ ಬ್ಯಾಂಕು ತಾನಾಗಿ ಆರುತ್ತದಲ್ಲ, ಅಪ್ಪ ಗುಂಡಿ ಬಿಟ್ಟು ಕಾಯುವಾಗಲೂ ಕರೆಂಟು ಕೇಳುವವರಿಲ್ಲವೆಂದು ಇದು ಆರುತ್ತಿತ್ತು. ಮನೆಯಲ್ಲಿ ಅವನು ಒಂದು ಗಳಿಗೆಯಾದರೂ ಬಾಯಿ ಮುಚ್ಚಿದ್ದರೆ ಅಲ್ಲೇ ತಿಳಿಯುತ್ತಿತ್ತು!

"ಅಪ್ಪಾ, ಗುಂಡಿ ಬಿಡಬ್ಯಾಡ. ಮಂದಿ ಹೇಳಾಗೂ ಒತ್ತೇ ಇರು" ಎಂದು ಮತ್ತೆ ಹಚ್ಚಿಕೊಟ್ಟಳು.

"ಸುಮ್ನ ಗುಂಯ್ ಅಂತ ನಿಂತ್ರ ಮಂದಿ ನಗ್ತಾರ" ಎಂದ ಪಂಢರಿ.

"ಸುಮ್ನ ಯಾಕ ನಿಲ್ತಿ? ಅವರ ಜೋಡಿ ನೀನೂ ಹೇಳು."

ಇಷ್ಟು ವರ್ಷದಲ್ಲಿ ಪಂಢರಿ ಜನರ ಜೊತೆ ಹೇಳಿದವನಲ್ಲ, ಹೇಳಿಕೊಟ್ಟು ಕಾಯುವವನು. ಈ ಸಲ ಸಾಲು ಹೇಳಿಕೊಟ್ಟು, ಬೆರಳು ಬಿಡದೆ, ಎಲ್ಲರ ಜೊತೆ ಅದನ್ನೇ ಮತ್ತೆ ಹೇಳಿದ. ಅವನ ಗುಂಯ್ ಸದ್ದು ಎಲ್ಲರ ದನಿಯ ಕೆಳಗೆ ತಂಬೂರಿಯಂತೆ ನಿಂತಿತು. ನಕ್ಕವರೂ ದನಿಗೂಡಿಸಿದರು. ಪಂಚಶೀಲ ಮುಗಿಯುವವರೆಗೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಪ್ರಣಾಲಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಅಷ್ಟು ಸಂತೋಷವಾಗಿತ್ತು ಅವಳಿಗೆ.

ಊಟದ ಹೊತ್ತಿಗೆ ಕಮಠಾಣದ ಮುದುಕಿಯೊಬ್ಬಳು ಪಂಢರಿಯ ಎದುರು ಬಂದು ನಿಂತಳು. "ಬರೋ ತಿಂಗಳ ನಮ್ಮ ಮೊಮ್ಮಗನ ಮದುವಿ ಅದರಿ. ನೀವೇ ಬಂದು ಹೇಳಿಕೊಡಬೇಕ್ರಿ."

"ಅಷ್ಟರಾಗ ಹೊಸಾ ಯಂತ್ರ ಬಂದಿರ್ತದರಿ. ಇವತ್ತಿನಂಗ ಆಗಂಗಿಲ್ಲ" ಎಂದಳು ಪ್ರಣಾಲಿ.

"ಇವತ್ತಿನಂಗೇ ಆಗ್ಲಿ ಬಿಡವಾ" ಎಂದಳು ಮುದುಕಿ. "ಹಿಂದೆಲ್ಲ ಅವರು ಹೇಳಿ ಸುಮ್ಮನಾದ್ರ ನಾ ಅರ್ಧಕ್ಕೇ ಮರೀತಿದ್ದೆ. ಇವತ್ತ ಜೋಡಿ ಹೇಳಿದ್ರು ನೋಡು, ಒಂದೂ ತಪ್ಪಲಿಲ್ಲ."

ಪಂಢರಿ ಕೈ ಒರೆಸಿಕೊಂಡು ಯಂತ್ರವನ್ನು ಕುತ್ತಿಗೆಗೆ ಹಿಡಿದ. ಪ್ರಣಾಲಿ ಅವನ ಜೇಬಿಗೆ ಕೈಹಾಕಿ ಪವರ್ ಬ್ಯಾಂಕಿನ ಗುಂಡಿ ಒತ್ತಿದಳು.

"ಬರ್ತೇನಿ" ಎಂದ ಪಂಢರಿ.