ಕೈತೊಳೆಯುವ ಸೀಟಿ

ಬೇಸಿಗೆ ಶಿಬಿರಕ್ಕೆ ಮಕ್ಕಳು ಬಂದ ಮಾರನೆಯ ದಿನವೇ ನರ್ಸಮ್ಮನಿಗೆ ಸೋಪಮ್ಮ ಎಂದು ಹೆಸರು ಬಿತ್ತು. ಹೆಸರಿಟ್ಟವರದ್ದೇನೂ ತಪ್ಪಿಲ್ಲ. ಕೂದಲು ನರೆಯುವವರೆಗೆ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದ ಈ ಹೆಂಗಸು, ಎದುರಿಗೆ ಬಂದವರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದಳು. ಬಾಗಿಲ ಹಿಡಿಕೆಗಳನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ಒಬ್ಬರ ನೀರಿನ ಬಾಟಲಿಗೆ ಇನ್ನೊಬ್ಬರು ಬಾಯಿ ಹಾಕಿದರೆ ಅದು ಅವಳ ಬಕೆಟ್ಟು ಸೇರಿ, ಬಿಸಿನೀರಿನ ಸ್ನಾನ ಮುಗಿಸಿಯೇ ಹೊರಗೆ ಬರುತ್ತಿತ್ತು. ಮಲಗುವ ಕೋಣೆಯಲ್ಲಿ ಒಬ್ಬನ ತಲೆಯಿದ್ದ ಕಡೆ ಪಕ್ಕದವನ ಕಾಲಿರಬೇಕು. ಮೂಗಿಗೆ ಮೂಗು ತಾಗಿ ನೆಗಡಿ ಹಂಚಿಕೊಳ್ಳುವುದಕ್ಕಿಂತ ಕಾಲಿನ ವಾಸನೆ ಕುಡಿಯುವುದು ಮೇಲು ಎಂಬುದು ಅವಳ ಸಿದ್ಧಾಂತ.

ಕೈ ತೊಳೆಯದೆ ಊಟಕ್ಕೆ ಕೂತು ಸಿಕ್ಕಿಬಿದ್ದವರಿಗೆ ಶಿಕ್ಷೆಯೂ ಇತ್ತು. ನಲ್ಲಿಗಳ ಮುಂದಿನ ಬೆಂಚು ಹತ್ತಿ ನಿಂತು ಸೋಪಿನ ಹಾಡು ಹೇಳಬೇಕು; ಹಾಡು ಮುಗಿಯುವವರೆಗೆ ಉಳಿದವರೆಲ್ಲ ಕೈ ಉಜ್ಜಬೇಕು. ಹಾಡು ಕಟ್ಟಿದವಳೂ ಅವಳೇ:

ಬೆರಳ ಸಂದಿ, ಉಗುರ ಬುಡ,
ಉಜ್ಜದೆ ನೀ ಬಿಡಲೇಬೇಡ;
ನೊರೆಯ ಜೊತೆ ಕೊಳೆ ಹೋಗಲಿ,
ಊಟ ಆಮೇಲೆ ಬರಲಿ.

ಶಿಬಿರ ನಡೆಸುತ್ತಿದ್ದವಳು ಅವಳ ತಂಗಿ. ಕೆರೆಯ ಪಕ್ಕ ರಜೆಗೆ ಖಾಲಿ ಬಿದ್ದಿದ್ದ ಹಾಸ್ಟೆಲೊಂದನ್ನು ಹಿಡಿದು, ಇದೇ ಮೊದಲ ಸಲ ಈ ಸಾಹಸಕ್ಕೆ ಕೈ ಹಾಕಿದ್ದಳು. "ಅಕ್ಕ, ನೀನಿದ್ರೆ ನನಗೆ ಆನೆಬಲ" ಎಂದು ಕರೆದಿದ್ದಳು. ಕರೆದದ್ದೇ ತಡ, ಅಕ್ಕ ಸೋಪಿನ ಪೆಟ್ಟಿಗೆ ಸಮೇತ ಬಂದಿಳಿದಿದ್ದಳು.

ಆದರೆ ಮಕ್ಕಳು ಮಕ್ಕಳೇ. ಆಟದ ಬಯಲಿನಿಂದ ನೇರ ತಟ್ಟೆಯ ಮುಂದೆ ಬಂದು ಕೂರುತ್ತಿದ್ದರು. ಆಗ ಸೋಪಮ್ಮನ ತಲೆಗೆ ಹೊಳೆದದ್ದೇ ದಿನದ ಕ್ಯಾಪ್ಟನ್ ಪದ್ಧತಿ. ದಿನಕ್ಕೊಬ್ಬ ಕ್ಯಾಪ್ಟನ್. ಅವನ ಕೊರಳಲ್ಲಿ ಕೆಂಪು ದಾರದ ಹಿತ್ತಾಳೆ ಸೀಟಿ. ಪ್ರತಿ ಊಟಕ್ಕೆ ಮೊದಲು ಅವನು ಸೀಟಿ ಊದಬೇಕು, ಎಲ್ಲರೂ ನಲ್ಲಿಗಳ ಕಡೆ ಓಡಬೇಕು. ಸಂಜೆ ಚಪ್ಪಾಳೆಯ ನಡುವೆ ಆ ಸೀಟಿ ನಾಳೆಯ ಕ್ಯಾಪ್ಟನ್ನಿನ ಕೊರಳಿಗೆ. ಹೊಸಬ ಅಲ್ಲೇ ಒಮ್ಮೆ ಊದಿ ತೋರಿಸಬೇಕು. ಸೀಟಿಗಾಗಿ ಮಕ್ಕಳು ಜೀವ ಬಿಡುತ್ತಿದ್ದರು. ಕೈ ತೊಳೆಯುವುದಕ್ಕೆ ನೂಕುನುಗ್ಗಲು ಕಂಡು ಸೋಪಮ್ಮ ಹಿಗ್ಗಿ ಹೀರೇಕಾಯಿಯಾದಳು. ಅತಿ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳೂ ಅವಳೇ.

ಅಷ್ಟರಲ್ಲಿ ಜ್ವರ ಶುರುವಾಯಿತು. ಮೊದಲು ಒಬ್ಬ ಹುಡುಗನಿಗೆ ಗಂಟಲು ಕೆಂಪಗಾಗಿ ಉಗುಳು ನುಂಗಲಾಗಲಿಲ್ಲ. ಆಮೇಲೆ ಒಬ್ಬಳು ಹುಡುಗಿ, ಆಮೇಲೆ ಇನ್ನೊಬ್ಬ. ಸೋಪಮ್ಮ ಮೂಲೆಯ ಕೋಣೆಯ ಕಿಟಕಿಗಳನ್ನೆಲ್ಲ ತೆರೆದು, ಹಾಸಿಗೆಗಳನ್ನು ದೂರ ದೂರ ಹಾಕಿ ಕಾಯಿಲೆ ಕೋಣೆ ಮಾಡಿದಳು. ಅವರ ಲೋಟ ಬೇರೆ, ಟವೆಲ್ಲು ಬೇರೆ. ಡಾಕ್ಟರು ಬಂದು ಔಷಧಿ ಕೊಟ್ಟರು. ಮೊದಲು ಮಲಗಿದವರು ಎದ್ದು ಕೂತು ತುಂಟಾಟ ಶುರುಮಾಡುವಷ್ಟರಲ್ಲಿ ಹೊಸಬರು ಬಂದು ಮಲಗುತ್ತಿದ್ದರು. ಆರೋಗ್ಯ ಇಲಾಖೆಯ ಅಧಿಕಾರಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ: ಎಲ್ಲಿಂದ ಹರಡುತ್ತಿದೆ ಎಂದು ತಿಳಿಯದೆ ಇನ್ನೊಂದು ಮಗು ಮಲಗಿದರೆ ಶಿಬಿರ ಬಂದ್.

ತಂಗಿಯ ಮುಖ ಸಪ್ಪಗಾಯಿತು. ಅದನ್ನು ನೋಡಲಾರದೆ ಸೋಪಮ್ಮ ಅಡುಗೆಮನೆಗೆ ನುಗ್ಗಿದಳು. ಅಡುಗೆಯವನು ಎತ್ತರದ, ಮಾತು ಕಡಿಮೆಯ ಮನುಷ್ಯ. ಅವನು ಬಾಗಿಲಿಗೆ ಬೆನ್ನು ಹಾಕಿ, ಸೌಟನ್ನು ಬಾಯಿಯ ಹತ್ತಿರ ತಂದು ಸಾರಿನ ಉಪ್ಪು ನೋಡುತ್ತಿದ್ದ.

"ಸಿಕ್ಕಿಬಿದ್ರಲ್ಲ! ಬಾಯಿಗಿಟ್ಟ ಸೌಟನ್ನೇ ಮತ್ತೆ ಪಾತ್ರೆಗೆ ಅದ್ದುತ್ತೀರಾ?"

"ನರ್ಸಮ್ಮ, ನಾನು ಅಂಗೈಗೆ ಬಿಟ್ಕೊಂಡು ರುಚಿ ನೋಡ್ತೀನಿ. ನೋಡಿ, ಕೈ ಇನ್ನೂ ಒದ್ದೆ ಇದೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ."

"ನೀವು ಕಳ್ಳ ಅಂದಿದ್ದೇ ನನ್ನ ಮುಖಕ್ಕಲ್ವಾ? ಹೆಗಲು ಯಾಕೆ ಮುಟ್ಟಲಿ?" ಎಂದು ಅವನು ಒಲೆಯ ಕಡೆ ತಿರುಗಿಬಿಟ್ಟ.

ಅವಳು ತಂಗಿಗೆ ದೂರು ಕೊಟ್ಟಳು. ಆಸ್ಪತ್ರೆ ಅರೆದು ಕುಡಿದ ಅಕ್ಕನ ಮಾತು. ತಂಗಿಗೆ ಅದರ ಮೇಲೆ ಪ್ರಶ್ನೆಯಿಲ್ಲ. ಮರುದಿನ ಬೆಳಿಗ್ಗೆ ಅವಳು ಅಡುಗೆಯವನನ್ನು ಕರೆದು, ಮಧ್ಯಾಹ್ನದ ಅಡುಗೆ ಮುಗಿಸಿ ಬಸ್ಸಿಗೆ ಹೊರಡಿ ಎಂದಳು. ಅವನು ಹೋಗಿ ಎಂದಿಗಿಂತ ಚೆನ್ನಾಗಿ ಅಡುಗೆ ಮಾಡಿದ. ಅದು ಸೋಪಮ್ಮನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಊಟದ ಹೊತ್ತಾಯಿತು. ಅವತ್ತಿನ ಕ್ಯಾಪ್ಟನ್ ಎರಡು ಜಡೆಯ ಪುಟ್ಟ ಹುಡುಗಿ. ಸೀಟಿ ಊದಿದಳು, ಉಸಿರು ಬಂತೇ ಹೊರತು ಸದ್ದು ಬರಲಿಲ್ಲ. ಕಣ್ಣಲ್ಲಿ ನೀರು. ಸೋಪಮ್ಮ ಕೊರಳು ಮುಟ್ಟಿ ನೋಡಿದಳು, ಬೆಂಕಿ. ಇನ್ನೊಂದು ಮಗು ಮಲಗಿದಂತೆಯೇ.

"ಊದೋಕಾಗ್ತಿಲ್ಲ, ನರ್ಸಮ್ಮ."

"ಪರವಾಗಿಲ್ಲ ಪುಟ್ಟಿ, ಕೊಡು, ನಾನೇ ಊದ್ತೀನಿ."

ಸೀಟಿಯನ್ನು ಏಪ್ರನ್ನಿಗೆ ಒರೆಸಿ ಬಾಯಿಯ ಹತ್ತಿರ ತಂದಳು. ತುಟಿ ತೆರೆಯಿತು, ಕೈ ನಿಂತಿತು. ಇನ್ನೊಬ್ಬರು ಬಾಯಿಗಿಟ್ಟದ್ದನ್ನು ತನ್ನ ಬಾಯಿಗಿಡುವುದೇ! ಅದೂ ಜ್ವರದ ಮಗುವಿನದ್ದು! ಜೀವಮಾನದಲ್ಲಿ ಅವಳು ಮಾಡದ ಕೆಲಸ ಅದು. ಮರುಕ್ಷಣ ಅವಳಿಗೆ ಹೊಳೆಯಿತು. ತಾನು ಮಾಡದ್ದನ್ನು ದಿನಕ್ಕೊಂದು ಮಗುವಿನ ಕೈಲಿ ಚಪ್ಪಾಳೆ ಹೊಡೆದು ಮಾಡಿಸಿದ್ದಳಲ್ಲ!

ಹುಡುಗಿಯನ್ನು ಕರೆದುಕೊಂಡು ಕಾಯಿಲೆ ಕೋಣೆಗೆ ಹೋದಳು. ಒಳಗೆ ಜಗಳ ನಡೆಯುತ್ತಿತ್ತು: ಎಲ್ಲರಿಗಿಂತ ಜೋರಾಗಿ ಊದಿದ್ದು ಯಾರು ಎಂದು.

"ನಿಮ್ಮಲ್ಲಿ ಕ್ಯಾಪ್ಟನ್ ಆಗಿದ್ದೋರು ಕೈ ಎತ್ತಿ."

ಎಲ್ಲ ಕೈಗಳೂ ಹೆಮ್ಮೆಯಿಂದ ಮೇಲೆ ಹೋದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹೊಸ ಹುಡುಗಿಯನ್ನು ಮಲಗಿಸಿ ಅವಳು ಹೊರಗೆ ಬಂದಳು. ಕೆರೆ ಹತ್ತಿರದಲ್ಲೇ ಇತ್ತು. ಸೀಟಿಯನ್ನು ನೀರಿಗೆಸೆದರೆ ಮುಗಿಯಿತು. ಅಡುಗೆಯವನು ಇವತ್ತು ಹೋಗುತ್ತಾನೆ, ಜ್ವರವೂ ನಿಲ್ಲುತ್ತದೆ. ಅವನಿಂದಲೇ ಬಂದಿತ್ತು, ಅವನೊಂದಿಗೇ ಹೋಯಿತು ಎಂದು ಎಲ್ಲರೂ ನಂಬುತ್ತಾರೆ, ಅಧಿಕಾರಿಯೂ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಸುಳ್ಳೇಕೆ, ಸೋಪಮ್ಮನಿಗೆ ಆ ಆಸೆ ಆಯಿತು. ಬಹಳವೇ ಆಯಿತು. ಆದರೆ ಕಿಟಕಿಯಾಚೆ ಅಡುಗೆಯವನು ಕೊನೆಯ ಸಲ ಸೌಟುಗಳನ್ನು ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಒಂದೊಂದಾಗಿ ಮೊಳೆಗೆ ತೂಗುಹಾಕುತ್ತಿದ್ದುದು ಕಂಡಿತು. ಇನ್ನು ಅವನ್ನು ಮುಟ್ಟುವವನು ಅವನಲ್ಲ, ಆದರೂ ಉಜ್ಜುತ್ತಿದ್ದ. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ನೇರ ತಂಗಿಯ ಬಳಿ ಹೋಗಿ ಸೀಟಿಯನ್ನು ಮೇಜಿನ ಮೇಲೆ, ಕಾಗದದ ಮೇಲಿಟ್ಟಳು. "ಮುಟ್ಬೇಡ. ಜ್ವರ ಹಂಚಿದ್ದು ಇದು. ಇದನ್ನ ಹಂಚಿದ್ದು ನಾನು."

ತಂಗಿ ಸೀಟಿಯನ್ನು ನೋಡಿದಳು, ಅಕ್ಕನನ್ನು ನೋಡಿದಳು. "ಅಯ್ಯೋ ಅಕ್ಕ! ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ವಲ್ಲೇ!" ಎಂದವಳೇ ಅಧಿಕಾರಿಗೆ ಫೋನು ಹಚ್ಚಿದಳು. ಆತ ಮೊದಲು ನಕ್ಕ. ಆಮೇಲೆ, ಊದಿದವರೆಲ್ಲರ ಗಂಟಲನ್ನು ಇವತ್ತೇ ಡಾಕ್ಟರಿಗೆ ತೋರಿಸಿ, ಸೀಟಿ ಬಿಸಾಡಿ, ಸದ್ಯಕ್ಕೆ ಮುಚ್ಚುವುದು ಬೇಡ ಎಂದ.

"ಅಡುಗೆಯವ್ರಿಗೆ ನಾನು ಹೇಳ್ತೀನಿ, ನೀನು ಒಳಗಿರು" ಎಂದಳು ತಂಗಿ, ಅಕ್ಕನ ಮಾನ ಉಳಿಸಲು.

"ಬೇಡ. ದೂರು ಕೊಟ್ಟೋಳು ನಾನು."

ಊಟದ ಕೋಣೆಯಲ್ಲಿ ಮಕ್ಕಳು ಸೀಟಿಗಾಗಿ ಕಾದು ಗದ್ದಲವೆಬ್ಬಿಸಿದ್ದರು. ಅಡುಗೆಯವನು ಹೆಗಲಿಗೆ ಚೀಲ ಹಾಕಿಕೊಂಡು ಗೇಟಿನ ಕಡೆ ಹೊರಟಿದ್ದ. ಸೋಪಮ್ಮ ಅಡುಗೆಮನೆಯಿಂದ ಒಂದು ತಟ್ಟೆ, ಒಂದು ಸೌಟು ತಂದು ಢಣಢಣ ಬಾರಿಸಿದಳು; ಮಕ್ಕಳು ನಲ್ಲಿಗಳ ಕಡೆ ಓಡಿ ಬಂದರು. ಆಮೇಲೆ ಮಂಡಿನೋವನ್ನು ಬೈದುಕೊಳ್ಳುತ್ತಾ ನಲ್ಲಿಗಳ ಮುಂದಿನ ಬೆಂಚು ಹತ್ತಿದಳು. ಗದ್ದಲ ತಟ್ಟನೆ ನಿಂತಿತು. ಅಡುಗೆಯವನೂ ನಿಂತ.

"ಎಲ್ರೂ ಕೇಳಿ. ಜ್ವರ ಹರಡಿದ್ದು ಅಡುಗೆಮನೆಯಿಂದ ಅಲ್ಲ, ನನ್ನ ಸೀಟಿಯಿಂದ. ನೋಡದೆ, ಕೇಳದೆ ಅವರ ಮೇಲೆ ತಪ್ಪು ಹೊರಿಸಿದೆ. ಅಡುಗೆಯವರೇ, ನನ್ನಿಂದ ತಪ್ಪಾಯ್ತು. ಹೋಗಬೇಡಿ." ಸೌಟಿನಿಂದ ನಲ್ಲಿಗಳ ಕಡೆ ತೋರಿಸಿದಳು. "ಈಗ ಶಿಕ್ಷೆ. ಎಲ್ರೂ ಕೈ ಉಜ್ಜಿ."

ಹಾಡಿದಳು. ಹಾಡು ಕಟ್ಟಿದವಳಿಗೆ ರಾಗವೇ ಇರಲಿಲ್ಲ ಎಂಬುದು ಶಿಬಿರಕ್ಕೆಲ್ಲ ಅವತ್ತೇ ಗೊತ್ತಾದದ್ದು. ಮಕ್ಕಳು ಬಿದ್ದು ಬಿದ್ದು ನಗುತ್ತಾ ಕೈ ಉಜ್ಜಿದರು. ಅಡುಗೆಯವನು ಚೀಲವನ್ನು ಗೋಡೆಗೆ ಒರಗಿಸಿ, ತೋಳು ಮಡಚಿ, ಬೆಂಚಿನ ಎದುರಿಗಿನ ನಲ್ಲಿಗೇ ಬಂದು ಸೋಪು ತೆಗೆದುಕೊಂಡ. ಹಾಡು ಮುಗಿಯಿತು. ಮಕ್ಕಳು ಕೈ ತೊಳೆದರು. ಸೋಪಮ್ಮ ಇಳಿಯಲು ಒಂದು ಕಾಲು ಕೆಳಗಿಟ್ಟಳು.

"ನರ್ಸಮ್ಮ," ಎಂದ ಅಡುಗೆಯವನು, ಬೆರಳ ಸಂದಿಯನ್ನು ನಿಧಾನವಾಗಿ ಉಜ್ಜುತ್ತಾ, "ನಂದಿನ್ನೂ ಆಗಿಲ್ಲ. ಇನ್ನೊಂದು ಸಲ ಹೇಳಿ."

ಸೋಪಮ್ಮ ಕಾಲನ್ನು ಮತ್ತೆ ಬೆಂಚಿನ ಮೇಲಿಟ್ಟು, ಕಣ್ಣೊರೆಸಿಕೊಂಡು, ಮೊದಲಿನಿಂದ ಹಾಡಿದಳು.