ನೂರಿಪ್ಪತ್ತೊಂಬತ್ತು ಡಾಲರಿನ ಕೋಟು

ಲಾಕಿ ರಾಟ್ರೆ ಪ್ರತಿ ಶನಿವಾರ ಇನ್ವರ್‌ಕಾರ್ಗಿಲ್ ಪೇಟೆಗೆ ಹೋಗಿ ಒಂದು ಕೋಟನ್ನು ಸವರಿ ಬರುತ್ತಿದ್ದ. ಕೊಳ್ಳುತ್ತಿರಲಿಲ್ಲ, ಸವರುತ್ತಿದ್ದ, ಅಷ್ಟೇ. ಬೇಟೆ ಸಾಮಾನಿನ ಅಂಗಡಿಯ ಒಳಗೋಡೆಗೆ ತೂಗುಹಾಕಿದ್ದ ‘ಟಸಕ್ ಕಿಂಗ್’ ಕಂಪನಿಯ ಕೋಟು ಅದು. ಹಸಿರು-ಕಂದು ಮಚ್ಚೆಯ ಬಟ್ಟೆ, ಮಳೆನೀರು ಒಳಗೆ ಇಳಿಯದು, ಎದೆಯ ಮೇಲೆ ಚಿನ್ನದ ಬಣ್ಣದ ದಾರದಲ್ಲಿ ಸಾರಂಗದ ತಲೆ. ಬೆಲೆ ಸಾವಿರದ ನೂರು ಡಾಲರು. ಕಂಪನಿಯವರ ಮನಸ್ಸು ಈ ವಾರ ಕರಗಿರಬಹುದು ಎಂದು ಲಾಕಿ ಪ್ರತಿ ಸಲವೂ ಬೆಲೆಚೀಟಿ ತಿರುಗಿಸಿ ನೋಡುತ್ತಿದ್ದ. ಕರಗಿರುತ್ತಿರಲಿಲ್ಲ. ಅಂಗಡಿಯವಳು ಅವನಿಗಾಗಿ ಅಲ್ಲೊಂದು ಕುರ್ಚಿ ಹಾಕುವುದಷ್ಟೇ ಬಾಕಿ ಇತ್ತು.

ಸೌತ್‌ಲ್ಯಾಂಡಿನ ಜನ ದುಡ್ಡು ಬಿಚ್ಚುವುದರಲ್ಲಿ ಮೊದಲೇ ನಿಧಾನ. ಅದರಲ್ಲೂ ರಾಟ್ರೆ ಮನೆತನದವರು ಸ್ಕಾಟ್ಲೆಂಡಿನಿಂದ ಹಡಗು ಹತ್ತಿದಾಗ ತಂದ ದಾರದುಂಡೆಯನ್ನು ಇನ್ನೂ ಬಿಚ್ಚಿ ಮುಗಿಸಿಲ್ಲ ಎಂದು ಅವರ ಊರು ಟುವಾಟಪೆರೆಯಲ್ಲಿ ಆಡಿಕೊಳ್ಳುತ್ತಾರೆ. ಲಾಕಿ ಬೇಲಿ ಹಾಕುವ ಕೆಲಸದವನು. ಹಳೆಯ ಬೇಲಿಯ ಸೊಟ್ಟ ಮೊಳೆಗಳನ್ನು ಬಡಿದು ನೇರ ಮಾಡಿ ಹೊಸ ಬೇಲಿಗೆ ಹೊಡೆಯುವುದರಲ್ಲಿ ಅವನಿಗೆ ಸಿಗುತ್ತಿದ್ದ ಆನಂದ ಬೇರೆಯವರಿಗೆ ಚರ್ಚಿನಲ್ಲೂ ಸಿಗುತ್ತಿರಲಿಲ್ಲ.

ಆದರೆ ಈ ವರ್ಷದ ಮಾತು ಬೇರೆ. ಏಪ್ರಿಲ್‌ನಲ್ಲಿ ಗಂಡು ಸಾರಂಗಗಳು ಹೆಣ್ಣಿಗಾಗಿ ಗರ್ಜಿಸುವಾಗ ಫಿಯೋರ್ಡ್‌ಲ್ಯಾಂಡಿನ ಒಳಕಣಿವೆಗಳಿಗೆ ಬೇಟೆಗೆ ಹೋಗಬೇಕೆಂದರೆ ಸರ್ಕಾರ ಎತ್ತುವ ಚೀಟಿಯಲ್ಲಿ ಹೆಸರು ಬರಬೇಕು. ಹದಿನಾಲ್ಕು ವರ್ಷ ಬಾರದಿದ್ದ ಹೆಸರು ಈ ಸಲ ಬಂದಿತ್ತು. ಲಾಕಿಗೂ ಅವನ ಮೂವತ್ತು ವರ್ಷಗಳ ಜೊತೆಗಾರ ಯೂಅನ್ ಬೆಗ್‌ಗೂ ಐದು ದಿನಗಳ ಮಟ್ಟಿಗೆ ಇಡೀ ಒಂದು ಕಣಿವೆ. ಜೂನ್‌ನಲ್ಲಿ ಲಾಕಿಯ ಎಡ ಸೊಂಟದ ಕೀಲು ಬದಲಿಸುವುದೆಂದು ನಿಶ್ಚಯವಾಗಿತ್ತು. ಆಮೇಲೆ ಬೆಟ್ಟದ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದರು. ಅರವತ್ತಮೂರು ವರ್ಷದ ಲಾಕಿ ಹೆಣ್ಣು ಜಿಂಕೆ ಹೊಡೆದಿದ್ದ, ಕಾಡುಹಂದಿ ಹೊಡೆದಿದ್ದ. ಕೊಂಬಿನಲ್ಲಿ ಹನ್ನೆರಡು ಕವಲಿರುವ ಗಂಡು ಸಾರಂಗ ಮಾತ್ರ ಅವನಿಗೆ ಒಮ್ಮೆಯೂ ದಕ್ಕಿರಲಿಲ್ಲ. ದಕ್ಕಿದರೆ ಈಗ, ಇಲ್ಲದಿದ್ದರೆ ಇಲ್ಲ.

ಅದಕ್ಕೇ ಆ ಕೋಟಿನ ಹುಚ್ಚು. ಅಂಥ ಹೊತ್ತಿನಲ್ಲಿ ಫೋನಿನೊಳಗೆ ಅದೇ ಕೋಟು, ಅದೇ ಮಚ್ಚೆ, ಜೊತೆಗೆ ಪ್ಯಾಂಟು, ದುರ್ಬೀನು, ಎಲ್ಲ ಸೇರಿ ನೂರಿಪ್ಪತ್ತೊಂಬತ್ತು ಡಾಲರಿಗೆ ಕಾಣಿಸಿಕೊಂಡಿತು.

ಭಾನುವಾರ ಅಡುಗೆಮನೆಯಲ್ಲಿ ಚೀಸ್ ರೋಲ್ ತಿನ್ನುತ್ತ ಯೂಅನ್ ಆ ಚಿತ್ರವನ್ನು ಹಿಗ್ಗಿಸಿ ನೋಡಿದ. ನಿವೃತ್ತ ಕಸಾಯಿಯವನು ಅವನು. ಪ್ರಾಣಿಗಳ ತಲೆಯ ವಿಷಯದಲ್ಲಿ ಅವನನ್ನು ಏಮಾರಿಸುವುದು ಕಷ್ಟ.

"ಲಾಕಿ, ಈ ಸಾರಂಗದ ಗಡ್ಡ ನೋಡು. ಇದು ಮೇಕೆ ಕಣೋ."

"ಸಾರಂಗ ಬಂದು ನನ್ನ ಎದೆ ಮೇಲಿನ ಚಿತ್ರ ಪರೀಕ್ಷೆ ಮಾಡತ್ತಾ?"

"ನಕಲಿ ಮಾಲು ಮಾರಾಯ! ಜೂನ್‌ನಲ್ಲಿ ನಿನ್ನ ಸೊಂಟ ಹೇಗೂ ಡೂಪ್ಲಿಕೇಟ್ ಆಗತ್ತೆ. ಅಲ್ಲೀತಂಕ ಮೈಮೇಲಿನದಾದ್ರೂ ಅಸಲಿ ಇರಲಿ."

"ಐದು ದಿನಕ್ಕೆ ಸಾವಿರದ ನೂರಾ? ಆಮೇಲೆ ಅದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ, ಕೋಳಿಗೂಡಿಗಾ?"

ಒಲೆಯ ಬಳಿ ನಿಂತಿದ್ದ ಲಾಕಿಯ ಹೆಂಡತಿ ಐಲ್ಸಾ ತನ್ನ ಬೆರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಮೂವತ್ತೆಂಟು ವರ್ಷ ಆಯ್ತು. ಈ ಉಂಗುರದ ಮೇಲೆ ಇವತ್ತು ಮೊದಲನೇ ಸಲ ಅನುಮಾನ ಬರ್ತಿದೆ."

ಲಾಕಿ ಇಡೀ ಚೀಸ್ ರೋಲನ್ನು ಬಾಯಿಗೆ ತುರುಕಿಕೊಂಡ. ಬಾಯಿ ತುಂಬಿರುವವನನ್ನು ಯಾರೂ ಪ್ರಶ್ನೆ ಕೇಳುವಂತಿಲ್ಲ.

ಅವನು ತಲೆ ಕೆಡಿಸಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಮರುದಿನ ಬೇಲಿ ಕಂಬ ನೆಡುತ್ತಿರುವಾಗ ಹತ್ತು ಕಂಬಕ್ಕೆ ಅಸಲಿಯೇ ಸರಿ ಎನ್ನಿಸಿತು, ಹನ್ನೊಂದನೆಯದಕ್ಕೆ ನಕಲಿ. ಅಸಲಿ ಕೋಟು ತೊಟ್ಟವರಿಗೆಲ್ಲ ಸಾರಂಗ ಸಿಕ್ಕಿದೆಯೇ? ಇಲ್ಲ. ಅಜ್ಜನ ಕಾಲದಲ್ಲಿ ಕೋಟೇ ಇತ್ತೇ? ಇಲ್ಲ. ಜಿಪುಣನ ತಲೆ ಇಂಥ ಲೆಕ್ಕದಲ್ಲಿ ಬಹಳ ಚುರುಕು. ಹದಿನೇಳನೆಯ ಕಂಬಕ್ಕೆ ಒರಗಿ ನಿಂತು ಫೋನಿನ ಗುಂಡಿ ಒತ್ತಿಯೇಬಿಟ್ಟ.

ಮೂರು ವಾರಕ್ಕೆ ಪೊಟ್ಟಣ ಬಂತು. ಹೊಸ ಟೈರಿನ ವಾಸನೆ. ಕನ್ನಡಿಯ ಮುಂದೆ ನಿಂತರೆ ಥೇಟ್ ಸಾವಿರದ ನೂರು ಡಾಲರಿನವನೇ! ಲಾಕಿ ಹೆಮ್ಮೆಯಿಂದ ಕೈ ಎತ್ತಿದ. ಚರಕ್ ಎಂದಿತು. ಇಳಿಸಿದ. ಚರಚರಕ್.

"ಅದೇನ್ರೀ ಸದ್ದು?" ಪಕ್ಕದ ಕೋಣೆಯಿಂದ ಐಲ್ಸಾ ಕೇಳಿದಳು.

"ಹೊಸದು ಅಲ್ವಾ? ಒಗೆದ್ರೆ ಮೆತ್ತಗಾಗತ್ತೆ."

ಮೂರು ಸಲ ಒಗೆದ ಮೇಲೆ ಸದ್ದು ಇಮ್ಮಡಿಯಾಯಿತು. ಬಟ್ಟೆ ಒಗೆಯುವ ಯಂತ್ರದೊಳಗೂ ಒಂದಿಷ್ಟು ಹಸಿರು ಮಚ್ಚೆಗಳು ಉಳಿದುಕೊಂಡವು.

ಹೆಲಿಕಾಪ್ಟರು ಅವರಿಬ್ಬರನ್ನು ಕಣಿವೆಯ ಗುಡಿಸಲ ಬಳಿ ಇಳಿಸಿ ಹೋಯಿತು. ಮೊದಲ ಮುಂಜಾನೆ ಯೂಅನ್ ಎಡಗಡೆಯ ಬೆಟ್ಟದ ಏಣಿನ ಕಡೆಗೆ ನಡೆದ, ಲಾಕಿ ಹಳ್ಳದ ದಡ ಹಿಡಿದು ಹೋದ. ಲಾಕಿಯ ಕೈಯಲ್ಲಿ ಐಲ್ಸಾಳ ಹಳೆಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯಿತ್ತು. ಅದನ್ನು ಬಾಯಿಗಿಟ್ಟು ಗರ್ಜಿಸಿದರೆ ಎದುರಾಳಿ ಬಂದನೆಂದು ಗಂಡು ಸಾರಂಗ ಸಿಟ್ಟಿನಿಂದ ಉತ್ತರ ಕೊಡುತ್ತದೆ. ಉತ್ತರ ಹಿಡಿದು ಹತ್ತಿರ ಹತ್ತಿರ ಹೋಗಬೇಕು.

ಲಾಕಿ ಊದಿದ. ಉತ್ತರ ಬಂತು! ಗಡುಸು ದನಿ, ಭಾರೀ ಎದೆ. ಲಾಕಿಯ ಸೊಂಟದ ನೋವು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಊದುತ್ತ, ತೆವಳುತ್ತ, ಚರಚರ ಎನ್ನುತ್ತ ಎರಡು ಗಂಟೆ ಹೋದ. ಅತ್ತಲಿಂದ ಅದೂ ಊದುತ್ತ ಬಂತು. ಕೊನೆಗೆ ಜರೀಗಿಡದ ಪೊದೆಯೊಂದು ಅಲುಗಿತು, ಅದರೊಳಗಿಂದ ಕಿತ್ತಳೆ ಬಣ್ಣದ ಟೋಪಿ ಎದ್ದು ನಿಂತಿತು.

"ಎದ್ದೇಳೋ ಲಾಕಿ," ಎಂದ ಯೂಅನ್. "ನೀನೇ ಅಂತ ಅರ್ಧ ಗಂಟೆಯಿಂದ ಗೊತ್ತು."

"ಅಷ್ಟು ಕೆಟ್ಟದಾಗಿ ಊದ್ತೀನಾ?"

"ಊದೋದು ಚೆನ್ನಾಗೇ ಇತ್ತು. ಆದ್ರೆ ಯಾವ ಸಾರಂಗಾನೂ ಚಿಪ್ಸ್ ಪ್ಯಾಕೆಟ್ ಹಿಡ್ಕೊಂಡು ಓಡಾಡಲ್ಲ ನೋಡು."

ಎರಡನೆಯ ದಿನ ಒಂದು ಸಾರಂಗ ಇನ್ನೂರು ಗಜದಲ್ಲಿದ್ದಾಗಲೇ ಕಿವಿ ನಿಮಿರಿಸಿ ಓಡಿತು. ಮೂರನೆಯ ದಿನ ಎರಡು ಓಡಿದವು. ದುರ್ಬೀನಿನ ಪಟ್ಟಿ ಕಿತ್ತು ಅದು ಹಳ್ಳದ ಪಾಲಾಯಿತು. ಹೋಗಲಿ, ಅದರಲ್ಲಿ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ನಾಲ್ಕನೆಯ ದಿನ ಮಳೆ ಸುರಿದು ಕೋಟಿನ ಹಸಿರೆಲ್ಲ ಲಾಕಿಯ ಕುತ್ತಿಗೆಗೆ ಇಳಿಯಿತು. ಯೂಅನ್ ನಗಲಿಲ್ಲ. ಅದೇ ಲಾಕಿಗೆ ಹೆಚ್ಚು ಚುಚ್ಚಿತು. "ನನ್ ಕೋಟು ಹಾಕ್ಕೊಂಡು ಹೋಗೋ," ಎಂದ ಯೂಅನ್, ತನ್ನ ಸವೆದ ಉಣ್ಣೆಯ ಕೋಟನ್ನು ಚಾಚಿ. ಲಾಕಿ ಬೇಡವೆಂದ. ಹಟ ಎನ್ನುವುದು ಬಿಟ್ಟಿ ಸಿಗುವ ಸಾಮಾನು, ರಾಟ್ರೆಗಳ ಮನೆಯಲ್ಲಿ ಅದಕ್ಕೆಂದೂ ಕೊರತೆಯಾಗಿಲ್ಲ.

ಐದನೆಯ ದಿನ ಮಧ್ಯಾಹ್ನಕ್ಕೆ ಹೆಲಿಕಾಪ್ಟರು ಬರುವುದಿತ್ತು. ಬೆಳಿಗ್ಗೆ ಹಳ್ಳದ ಮೇಲ್ದಂಡೆಯಲ್ಲಿ ಲಾಕಿ ಊದಿದ. ಬಂದ ಉತ್ತರಕ್ಕೆ ಅವನ ಕಾಲಡಿಯ ಪಾಚಿಯೇ ನಡುಗಿದಂತಾಯಿತು. ಇದು ಯೂಅನ್ ಅಲ್ಲ. ಯೂಅನ್‌ಗೆ ಅಷ್ಟು ದೊಡ್ಡ ಹೊಟ್ಟೆಯಿದ್ದರೂ ಅಷ್ಟು ದೊಡ್ಡ ದನಿಯಿಲ್ಲ.

ಲಾಕಿ ಒಂದು ಹೆಜ್ಜೆ ಇಟ್ಟ. ಚರಕ್. ನಿಂತ. ತನ್ನ ಮೇಲೆ ತನಗೇ ಅಸಹ್ಯವಾಯಿತು. ಸಾವಿರ ಡಾಲರು ಉಳಿಸಲು ಹೋಗಿ ಹದಿನಾಲ್ಕು ವರ್ಷ ಕಾದದ್ದನ್ನು ನಾನೇ ಓಡಿಸುತ್ತಿದ್ದೇನಲ್ಲ ಎಂದು ಕಣ್ಣು ಮಂಜಾಯಿತು. ಬಂದೂಕನ್ನು ಮರಕ್ಕೆ ಒರಗಿಸಿ ಕೋಟು ಕಿತ್ತೆಸೆದ. ಪ್ಯಾಂಟೂ ಚರಚರ ಎನ್ನುತ್ತಿತ್ತು, ಬೂಟು ಕಳಚಿ ಅದನ್ನೂ ಕಿತ್ತೆಸೆದ. ಉಳಿದದ್ದು ಐಲ್ಸಾ ಹೆಣೆದ ಬಿಳಿ ಉಣ್ಣೆಯ ಒಳಂಗಿ, ಒಳಚಲ್ಲಣ. ಉಣ್ಣೆ ಸದ್ದು ಮಾಡುವುದಿಲ್ಲ. ಕಚ್ಚುವ ಮರಳುನೊಣಗಳು ಸಂತೋಷದಿಂದ ಅವನ ಪಾದಕ್ಕೆ ಮುತ್ತಿದವು. ಮತ್ತೆ ಗರ್ಜನೆ ಬಂತು, ಇನ್ನೂ ಹತ್ತಿರದಲ್ಲಿ. ಲಾಕಿ ಕೊಳವೆ ಹಿಡಿದು ಬಗ್ಗಿ ಹೊರಟ. ನಲವತ್ತು ಹೆಜ್ಜೆ, ಐವತ್ತು, ಒಂದು ಕಡ್ಡಿಯೂ ಮುರಿಯಲಿಲ್ಲ.

ಮರಗಳ ನಡುವಿನ ಬಯಲಿನಲ್ಲಿ ಅದು ನಿಂತಿತ್ತು. ಕೆಸರು ಮೆತ್ತಿದ ಕುತ್ತಿಗೆ, ಬಾಯಿಂದ ಹಬೆ. ಲಾಕಿ ಕವಲು ಎಣಿಸಿದ. ಹನ್ನೆರಡು. ಇನ್ನೊಮ್ಮೆ ಎಣಿಸಿದ. ಹನ್ನೆರಡೇ. ಮೆಲ್ಲನೆ ಬಲಗೈಯನ್ನು ಹೆಗಲಿಗೆ ಒಯ್ದ.

ಹೆಗಲ ಮೇಲೆ ಬಂದೂಕಿರಲಿಲ್ಲ.

ಲಾಕಿ ಹಿಂದೆ ನೋಡಿದ, ಮರ ಐವತ್ತು ಹೆಜ್ಜೆ ದೂರ. ಹಿಂತಿರುಗಿ ಹೋದರೆ ಸಾರಂಗ ಓಡುತ್ತದೆ. ಸುಮ್ಮನೆ ನಿಂತರೂ ಓಡುತ್ತದೆ. ಏನೂ ತೋಚದೆ ಕೊಳವೆ ಎತ್ತಿ ಗರ್ಜಿಸಿದ. ಸಾರಂಗ ಓಡಲಿಲ್ಲ. ತಲೆ ಓರೆ ಮಾಡಿ, ಒಳಚಲ್ಲಣದ ಈ ಬಿಳಿಯ ಪ್ರಾಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎದೆ ತುಂಬಿ ಉತ್ತರ ಕೊಟ್ಟಿತು. ಲಾಕಿ ಮತ್ತೆ ಗರ್ಜಿಸಿದ. ಅದು ಎರಡು ಹೆಜ್ಜೆ ಮುಂದೆ ಬಂದು ಕಾಲು ಕೆರೆಯಿತು. ಲಾಕಿಯೂ ಕೆರೆದ. ಸ್ವಲ್ಪ ಹೊತ್ತಿಗೆ ಕೊಳವೆ ಕೈಯಿಂದ ಜಾರಿತು, ಬರಿ ಗಂಟಲಲ್ಲೇ ಕೂಗತೊಡಗಿದ. ಸೊಂಟದ ನೋವು, ಜೂನ್ ತಿಂಗಳು, ಡಾಕ್ಟರು, ಇನ್ನು ನೋಡಲಾಗದ ಬೆಟ್ಟಗಳು, ಎಲ್ಲವನ್ನೂ ಕೂಗಿದ. ಹತ್ತು ಹೆಜ್ಜೆಯಾಚೆ ನಿಂತು ಸಾರಂಗ ಎಲ್ಲಕ್ಕೂ ಉತ್ತರ ಕೊಟ್ಟಿತು. ಇಷ್ಟು ಸಮೀಪಕ್ಕೆ ಅವನು ಜೀವಮಾನದಲ್ಲೇ ಹೋಗಿರಲಿಲ್ಲ. ಕಾಲು ಗಂಟೆಯಾದ ಮೇಲೆ ಅದು ಬುಸ್ಸೆಂದು ಉಸಿರು ಬಿಟ್ಟು, ಬೆನ್ನು ತಿರುಗಿಸಿ, ಅವಸರವಿಲ್ಲದೆ ಕಾಡಿನೊಳಗೆ ನಡೆದುಹೋಯಿತು. ಲಾಕಿಯ ಗಡ್ಡವೆಲ್ಲ ಒದ್ದೆಯಾಗಿತ್ತು.

ಬಟ್ಟೆ ಬಿಟ್ಟ ಮರದ ಬಳಿ ಯೂಅನ್ ಕುಳಿತಿದ್ದ, ಮಡಿಲಲ್ಲಿ ಎರಡು ಬಂದೂಕು. ಬೆಟ್ಟದ ತುಂಟ ಕಿಯಾ ಗಿಳಿಗಳು ಕೋಟನ್ನು ಚಿಂದಿ ಮಾಡಿ, ರುಚಿ ನೋಡಿ, ಉಗಿದು ಹೋಗಿದ್ದವು. ಯೂಅನ್ ತನ್ನ ಉಣ್ಣೆಯ ಕೋಟನ್ನು ಲಾಕಿಯ ಹೆಗಲಿಗೆ ಹೊದಿಸಿದ. ಈ ಸಲ ಲಾಕಿ ಬೇಡವೆನ್ನಲಿಲ್ಲ.

ಗುಡಿಸಲಲ್ಲಿ ಚಹಾ ಕಾಯುತ್ತಿರುವಾಗ ಯೂಅನ್ ಕೇಳಿದ, "ಹನ್ನೆರಡು ಕವಲು, ಅಲ್ವಾ?"

ಲಾಕಿ ತಟ್ಟನೆ ತಲೆಯೆತ್ತಿದ. "ನಿಂಗೆ ಹೆಂಗೊತ್ತು?"

"ಸುಮಾರು ಹೊತ್ತು ನೋಡ್ತಾನೇ ಇದ್ದೆ. ಎರಡು ಸಾರಂಗ ಜಗಳ ಆಡ್ತಿವೆ ಅಂತ ಬೆಟ್ಟದ ಏಣು ಇಳಿದು ಬಂದೆ. ಎಂಬತ್ತು ಗಜ. ಅಡ್ಡ ಒಂದು ಎಲೇನೂ ಇರಲಿಲ್ಲ."

"ಬಂದೂಕು ಕೈಯಲ್ಲೇ ಇತ್ತಲ್ಲೋ! ನಾನಂತೂ ಮರೆತು ಸತ್ತೆ. ನೀನಾದ್ರೂ ಹೊಡೀಬಾರದಿತ್ತಾ? ಯಾಕೆ ಸುಮ್ನಿದ್ದೆ?"

ಯೂಅನ್ ಎರಡು ಲೋಟಕ್ಕೂ ಚಹಾ ಬಗ್ಗಿಸಿದ, ಲಾಕಿಯದಕ್ಕೆ ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿದ.

"ಹೆಂಗ್ ಹೊಡೀಲಿ ಮಾರಾಯ?" ಎಂದ. "ನೀವಿಬ್ರೂ ಮಾತಾಡ್ತಾ ಇದ್ರಿ."