ಮಳೆ ಮೇಲೂರಲ್ಲಿ, ತೂಬು ನಮ್ಮೂರಲ್ಲಿ

ಹಂಪಾಪುರದಾಚೆಯ ಒಂದು ಹಳ್ಳಿಯಲ್ಲಿ ವೀರಮ್ಮ ಅನ್ನೋ ಹೆಂಗಸು ಇದ್ದಳು. ಸಂಜೆ ನೀರಿಗೆ ಹೋದಾಗಲೆಲ್ಲ ಕೆರೆಯ ಕೆಳಗಿನ ಬೀದಿಯಲ್ಲಿ ಅವಳ ಕಾಲು ತಾನಾಗಿ ನಿಲ್ಲುತ್ತಿತ್ತು. ಅಲ್ಲಿ ಅವಳ ತಂಗಿ ಸರ್ವಮಂಗಳಳ ಮನೆ ಇತ್ತು. ಹೋದ ಮಳೆಗಾಲದಲ್ಲಿ ಕೆರೆ ಏರಿ ಒಡೆದು ಆ ಬೀದಿಯ ಗೋಡೆಗಳೆಲ್ಲ ಕುಸಿದವು. ಜೀವ ಉಳಿಯಿತು, ಮನೆ ಉಳಿಯಲಿಲ್ಲ. ತಂಗಿಯೂ ಅವಳ ಗಂಡನೂ ಮಕ್ಕಳನ್ನು ಕರೆದುಕೊಂಡು ಪಿರಿಯಾಪಟ್ಟಣದ ಕಡೆ ನೆಂಟರ ಊರು ಸೇರಿದರು.

ಒಂದೇ ಊರಿಗೆ ಸೊಸೆಯರಾಗಿ ಬಂದಿದ್ದ ಅಕ್ಕತಂಗಿಯರು. ಸೊಪ್ಪು ಸೋಸಲು ಕೂತರೆ ಅವರ ಮಾತು ಮುಗಿಯುತ್ತಿರಲಿಲ್ಲ. ಈಗ ವೀರಮ್ಮ ಒಲೆ ಮುಂದೆ ಕೂತು, ಮರೆತು, “ಮಂಗಳಾ” ಎಂದು ಕರೆದುಬಿಡುತ್ತಿದ್ದಳು. ಆಮೇಲೆ ಒಲೆಗೆ ಸೌದೆ ತಳ್ಳುತ್ತಿದ್ದಳು. ಬಾ ಎಂದು ಹೇಳಿ ಕಳಿಸಿದರೆ ಬರುತ್ತಿದ್ದ ಉತ್ತರ ಒಂದೇ: ಆ ಏರಿಯ ಕೆಳಗೆ ಮಕ್ಕಳನ್ನು ಮಲಗಿಸೋಕೆ ಧೈರ್ಯ ಇಲ್ಲ.

ಏರಿಯನ್ನೇನೋ ಊರವರು ಮತ್ತೆ ಕಟ್ಟಿದ್ದರು. ಕೆರೆ ನೀರು ಹೊರಬಿಡುವ ತೂಬಿನ ಕಟ್ಟಳೆ ಮಾತ್ರ ಹಳೆಯದೇ. ಕೆರೆ ತುಂಬಿ ಕೋಡಿ ಹರಿದ ಮೇಲೆಯೇ ತೂಬು ಎತ್ತಬೇಕು. ಕೆರೆಯ ಯಜಮಾನಿಕೆ ವೀರಮ್ಮನ ಗಂಡ ಪುಟ್ಟಮಲ್ಲಪ್ಪನದು. ಅವನು ಬಿಲ್ಕುಲ್ ಜಗ್ಗುವವನಲ್ಲ.

ಒಂದು ದಿನ ಗ್ರಾಮಸೇವಕ ಗುರುಸ್ವಾಮಿಯವರು ಅವರ ಜಗುಲಿಗೆ ಬಂದು ಕೂತು, ಹೋದ ಸಲ ಏನಾಯಿತೆಂದು ಕೇಳಿದರು. ಪುಟ್ಟಮಲ್ಲಪ್ಪ ಹೇಳಿದ. ಕಾಕನಕೋಟೆ ಕಾಡಿನ ಕಡೆ ಬೆಳಿಗ್ಗೆಯಿಂದ ಜಡಿಮಳೆಯಂತೆ, ಇಲ್ಲಿ ಬಿಸಿಲು. ಸಂಜೆ ಹಳ್ಳದ ನೀರು ಒಮ್ಮೆಲೇ ನುಗ್ಗಿತು. ಆಗ ತೂಬು ಎತ್ತಿದರೂ ಸಾಲಲಿಲ್ಲ.

“ನೀರು ಬರೋಕೆ ಮುಂಚೆ ಸುದ್ದಿ ಬರ್ಬೋದಲ್ವಾ ಯಜಮಾನ್ರೇ? ಸುದ್ದಿ ಬಂದಾಗ್ಲೇ ತೂಬು ಎತ್ತಿದ್ರೆ ಕೆರೇಲಿ ಜಾಗ ಆಯ್ತದೆ.”

“ಮಳೆ ಅಲ್ಲೇ ನಿಂತೋದ್ರೆ? ಇದ್ದ ನೀರೂ ಹೋಯ್ತದಲ್ಲ. ಗದ್ದೆಗೆ ಏನು ಬುಡನ?”

ಕೇಳಬೇಕಾದ ಮಾತೇ ಎಂದರು ಗುರುಸ್ವಾಮಿ. ಕೆರೆ ಬರಿದು ಮಾಡುವುದು ಬೇಡ. ಮೇಲೆ ಮಳೆ ಎಷ್ಟು ಜೋರೋ ಅಷ್ಟಕ್ಕೆ ತಕ್ಕ ಹಾಗೆ ಬಿಟ್ಟರಾಯಿತು. ಬಿಟ್ಟ ನೀರು ಕೆಳಗಿನ ಕಟ್ಟೆಯಲ್ಲಿ ನಿಲ್ಲುತ್ತದೆ, ದನಕರುಗಳಿಗಾಗುತ್ತದೆ. ಕೋಡಿಯ ಮೇಲೂ ಕಣ್ಣಿಟ್ಟಿರಬೇಕು. ಅಂದಾಜು ತಪ್ಪಿದರೆ ತೂಬು ಇಳಿಸಬಹುದು, ಇನ್ನಷ್ಟು ಎತ್ತಲೂಬಹುದು.

ಪುಟ್ಟಮಲ್ಲಪ್ಪ ತಲೆಯಾಡಿಸಿದ, ಆಗಲ್ಲ ಎನ್ನುವಂತೆ. ಗಂಡಸರ ಮಾತಿಗೆ ಎಂದೂ ಬಾಯಿ ಹಾಕದ ವೀರಮ್ಮ ಬಾಗಿಲ ಹಿಂದಿನಿಂದ ಹೇಳಿದಳು:

“ನೀರು ಹೋದ್ರೆ ಇನ್ನೊಂದು ಮಳೇಲಿ ಬತ್ತದೆ ಕಣ್ರೀ. ಹೋದ ನನ್ ತಂಗಿ ಇನ್ನೂ ಬಂದಿಲ್ಲ.”

ಪುಟ್ಟಮಲ್ಲಪ್ಪ ಬಾಗಿಲ ಕಡೆ ತಿರುಗಿ ನೋಡಿದ. ಆಮೇಲೆ, ಸುದ್ದಿ ತರೋರು ಯಾರು ಎಂದು ಕೇಳಿದ. ಕಾಡಿನ ಕಡೆಯ ಮೇಲೂರಿನ ಅಂಕಯ್ಯನ ಹತ್ತಿರ ಸೈಕಲ್ ಇತ್ತು. ಅವನು ಒಪ್ಪಿಕೊಂಡ.

ಶ್ರಾವಣದ ಒಂದು ಬೆಳಿಗ್ಗೆ ಅಂಕಯ್ಯ ತೊಯ್ದು ತೊಪ್ಪೆಯಾಗಿ ಬಂದ. ಊರಲ್ಲಿ ರಾಗಿ ಒಣಹಾಕುವಷ್ಟು ಬಿಸಿಲು. ಬಿಸಿಲಲ್ಲಿ ನೀರು ಬಿಡ್ತಾನಲ್ಲ ಎಂದು ಜನ ಗೊಣಗಿದರು. ಪುಟ್ಟಮಲ್ಲಪ್ಪನಿಗೂ ಅಳುಕಿತ್ತು, ಆದರೂ ತೂಬು ಎತ್ತಿಸಿದ. ಸಂಜೆಗೆ ಹಳ್ಳ ಕೆಂಪಗೆ ಭೋರ್ಗರೆದು ಬಂತು. ಕೆರೆ ತುಂಬಿತು, ಕೋಡಿ ತೆಳ್ಳಗೆ ಹರಿಯಿತು. ಏರಿ ಅಲುಗಲಿಲ್ಲ. ಕೆಳಗಿನ ಬೀದಿಯಲ್ಲಿ ಯಾರ ಹೊಸ್ತಿಲೂ ನೆನೆಯಲಿಲ್ಲ.

ದೀಪಾವಳಿಗೆ ಸರ್ವಮಂಗಳ ಬಂದಳು. ಏರಿಯ ಮೇಲೆ ಉದ್ದಕ್ಕೂ ನಡೆದು ನೋಡಿದಳು. ಅವಳಿಗೆ ಆಸೆ ಹುಟ್ಟಿತ್ತು, ಅವಳ ಗಂಡನಿಗೆ ಇನ್ನೂ ಭಯ. ಇನ್ನೊಂದು ಮಳೆಗಾಲ ನೋಡಿ ಪಾಯ ತೆಗೀತೀವಿ ಅಕ್ಕ ಎಂದಳು. ಬಸ್ಸು ಕಣ್ಮರೆಯಾದ ಮೇಲೂ ವೀರಮ್ಮ ರಸ್ತೆಯಲ್ಲೇ ನಿಂತಿದ್ದಳು.

“ಬತ್ತಾಳೆ ಬುಡು,” ಎಂದ ಪುಟ್ಟಮಲ್ಲಪ್ಪ. “ಇನ್ನು ಮೇಲೆ ಸುದ್ದಿ ಬಂದ ತಕ್ಷಣ ತೂಬು ಎತ್ತುಸ್ತೀನಿ.”

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆರೆಗೆ ನೀರು ಯಾವ ಕಡೆಯಿಂದ ಬರುತ್ತದೆ? ಅಲ್ಲಿ ಮಳೆಯಾದರೆ ನಿಮಗೆ ಯಾರು ಹೇಳುತ್ತಾರೆ? ಹೇಳಿದಾಗ ತೂಬು ಯಾರು ಎತ್ತುತ್ತಾರೆ? ಮಳೆಗಾಲಕ್ಕೆ ಮುಂಚೆಯೇ ಕೂತು ಮಾತಾಡಿಕೊಳ್ಳಿ. ನೀರು ಬಂದ ಮೇಲೆ ಓಡಬೇಡಿ, ಬರುವ ಮೊದಲೇ ಅದಕ್ಕೆ ಜಾಗ ಮಾಡಿ. ನಿಮ್ಮೂರಿಗೆ ವಾಪಸು ಬರಲು ಧೈರ್ಯ ಸಾಲದೆ ಯಾರೋ ಕಾಯುತ್ತಿರಬಹುದು.